ವಲೇಸಾನ ಕೈಗಡಿಯಾರ

ಪೋಲೆಂಡಿನ ನಿರ್ದೇಶಕ ಆಂದ್ರೇ ವಾಯ್ದಾನ ‘ವಲೇಸಾ: ಮ್ಯಾನ್ ಆಫ್ ಹೋಪ್’ (2013) ಸಿನಿಮಾದಲ್ಲಿ ಒಂದು ಕೈಗಡಿಯಾರ ಬರುತ್ತದೆ. ಅಪಾಯಕ್ಕೆ ಹೊರಟಾಗ ಲೆಖ್ ವಲೇಸಾ ಅದನ್ನೂ ಮದುವೆಯ ಉಂಗುರವನ್ನೂ ಬಿಚ್ಚಿ ಹೆಂಡತಿ ದಾನೂತಾಳಿಗೆ ಕೊಡುತ್ತಾನೆ, ತಾನು ವಾಪಸ್ ಬಾರದಿದ್ದರೆ ಮಾರಿಕೊಳ್ಳಲಿ ಎಂದು. ಗ್ಡಾನ್ಸ್ಕ್‌ನ ಲೆನಿನ್ ಶಿಪ್‌ಯಾರ್ಡಿನ ಎಲೆಕ್ಟ್ರಿಷಿಯನ್‌ಗೆ ಮುಷ್ಕರವೆಂದರೆ ಮನೆಯ ಖರ್ಚಿನ ಲೆಕ್ಕವೂ ಹೌದು ಎಂಬುದು ಅಷ್ಟರಲ್ಲೇ ತಿಳಿದುಬಿಡುತ್ತದೆ. 1976ರಲ್ಲಿ ಅಲ್ಲಿ ಕೆಲಸ ಕಳೆದುಕೊಂಡವನು 1980ರ ಆಗಸ್ಟಿನಲ್ಲಿ ಅಲ್ಲಿಯದೇ ಮುಷ್ಕರಕ್ಕೆ ಮುಂದಾಳಾದ. ‘ಸಾಲಿಡಾರಿಟಿ’ ಹುಟ್ಟಿತು.

ಅವನ ಜಂಬವನ್ನು ವಾಯ್ದಾ ಮುಚ್ಚಿಡುವುದಿಲ್ಲ. ಇಟಲಿಯ ಪತ್ರಕರ್ತೆ ಓರಿಯಾನಾ ಫಲಾಚಿಯ ಎದುರು ಕೊಚ್ಚಿಕೊಳ್ಳುವುದನ್ನು ನೋಡಿ ನಾನಂತೂ ನಕ್ಕೆ. ನನ್ನ ತಕರಾರು ಬೇರೆ. ಸಿನಿಮಾ 1989ಕ್ಕೆ, ಅಮೆರಿಕದ ಕಾಂಗ್ರೆಸ್ಸಿನ ಚಪ್ಪಾಳೆಗೆ ನಿಂತುಬಿಡುತ್ತದೆ. ಮರುವರ್ಷ ಅವನು ದೇಶದ ಅಧ್ಯಕ್ಷನಾದ, 1995ರಲ್ಲಿ ಸೋತ, 1996ರಲ್ಲಿ ಆ ಶಿಪ್‌ಯಾರ್ಡೇ ದಿವಾಳಿಯಾಯಿತು. 2000ದಲ್ಲಿ ಮತ್ತೆ ನಿಂತಾಗ ಬಿದ್ದದ್ದು ಶೇ 1ರಷ್ಟು ಮತ.

1981ರ ‘ಮ್ಯಾನ್ ಆಫ್ ಐರನ್’ನಲ್ಲಿ ವಲೇಸಾ ತಾನೇ ಕಾಣಿಸಿಕೊಂಡಿದ್ದ. ಆಗ ಮುಂದೇನೆಂದು ವಾಯ್ದಾನಿಗೆ ಗೊತ್ತಿರಲಿಲ್ಲ. 2013ರಲ್ಲಿ ಗೊತ್ತಿತ್ತು. ಕೆಲಸಗಾರನೊಬ್ಬ ಅಧಿಕಾರಕ್ಕೇರಿದ ಮೇಲೆ ಉಳಿದ ಕೆಲಸಗಾರರು ಏನಾದರು ಎಂದು ದಾನೂತಾಳ ಆ ಇಕ್ಕಟ್ಟಿನ ಮನೆಯಲ್ಲಿ ಕೂತೇ ಕೇಳಬಹುದಿತ್ತು.