ಹರಕೆಯಿಲ್ಲದ ನಡಿಗೆ

ರಜೆಯನ್ನು ನಡೆದೇ ಕಳೆಯುವ ಆಸೆಯಿದ್ದವರು ಗ್ರೀಸಿನ ಪುಟ್ಟ ದ್ವೀಪಕ್ಕೆ ಹೋಗಬೇಕು, ಅಷ್ಟು ದುಡ್ಡಿಲ್ಲದವರು ಕುದುರೆಮುಖವನ್ನೋ ಕುಮಾರಪರ್ವತವನ್ನೋ ಹತ್ತಬೇಕು, ಬೇಡಕಿಹಾಳದ ಸುತ್ತ ಕಬ್ಬು ಬಿಟ್ಟರೆ ನೋಡಲು ಏನಿದೆ? ನಿಪ್ಪಾಣಿ, ಚಿಕ್ಕೋಡಿಯ ಓದಿದ ಹುಡುಗರಲ್ಲಿ ಈ ಮಾತು ಗಟ್ಟಿಯಾಗಿ ಕೂತಿದೆ. ಹಿರಿಯರು ಬೇರೆ ಕಾರಣ ಹೇಳಿ ಅಲ್ಲಿಗೇ ಬಂದು ನಿಲ್ಲುತ್ತಾರೆ. ಅವರ ಲೆಕ್ಕದಲ್ಲಿ ನಡಿಗೆಯೆಂದರೆ ಪಂಢರಪುರದ ದಿಂಡಿ, ಪಾದಯಾತ್ರೆ, ಹರಕೆ. ಯಾವ ದೇವರಿಗೂ ಹೇಳಿಕೊಳ್ಳದೆ, ಜೊತೆಗೆ ಯಾರನ್ನೂ ಕರೆದುಕೊಳ್ಳದೆ ಒಬ್ಬರೇ ಊರೂರು ನಡೆಯುತ್ತಿದ್ದರೆ ತಲೆ ಕೆಟ್ಟಿರಬೇಕು, ಇಲ್ಲವೆ ಮನೆಯಲ್ಲಿ ಜಗಳವಾಗಿರಬೇಕು. ಈ ಎರಡೂ ಅಭಿಪ್ರಾಯಗಳು ತಪ್ಪು ಎಂಬುದು ನನ್ನ ವಾದ. ದೂಧಗಂಗೆ ಹೊಳೆಯ ದಂಡೆ ಒಬ್ಬರೇ ನಡೆಯಲು ಹೇಳಿ ಮಾಡಿಸಿದಂಥ ಸೀಮೆ. ಅಲ್ಲಿ ನಡೆಯಲು ಹರಕೆ ಬೇಕಿಲ್ಲ. ಬೇಕಾದದ್ದು ತಯಾರಿ.

ಮೊದಲು ಗ್ರೀಸಿನ ಮಾತು. ಸಿಫ್ನೊಸ್ ದ್ವೀಪದ ವಿಸ್ತೀರ್ಣ ಸುಮಾರು 74 ಚದರ ಕಿಲೊಮೀಟರ್. ನಮ್ಮ ಹಳೆಯ ಚಿಕ್ಕೋಡಿ ತಾಲೂಕಿನ ಒಂದು ಮೂಲೆಯಲ್ಲಿ ಅದು ಹಿಡಿಸುತ್ತದೆ. ಸಮುದ್ರ ಬೇಕಾದವರು ಅಲ್ಲಿ ದಂಡೆಯ ಮೇಲೆ ಮಲಗುತ್ತಾರೆ. ನಡೆಯುವವರನ್ನು ಕರೆಯುವುದು ಹಳೆಯ ದಾರಿಗಳು. ಕಲ್ದೆರಿಮಿ ಎನ್ನುವ ಆ ಕಲ್ಲುಹಾಸಿನ ದಾರಿಗಳನ್ನು ಪ್ರವಾಸಿಗರಿಗೆಂದು ಯಾರೂ ಹಾಕಲಿಲ್ಲ. ಹೇಸರಗತ್ತೆಯ ಮೇಲೆ ಕಾಳು, ಆಲಿವ್ ಹೇರಿಕೊಂಡು ಹೊಲದಿಂದ ಊರಿಗೆ, ಊರಿಂದ ಗುಡಿಗೆ, ಗುಡಿಯಿಂದ ಬಂದರಿಗೆ ಹೋಗಿಬರಲು ಒಕ್ಕಲಿಗರು ಹಾಕಿಕೊಂಡ ದಾರಿಗಳು ಅವು. ಡಾಂಬರು ಬಂದಮೇಲೆ ಮುಳ್ಳುಕಂಟಿ ಬೆಳೆದು ಮುಚ್ಚಿಹೋದವು. ಆಂಡ್ರೋಸ್ ದ್ವೀಪದಲ್ಲಿ ಸ್ವಯಂಸೇವಕರು ಕಂಟಿ ಕಡಿದು, ಗುರುತು ಹಾಕಿ ಬಿಡಿಸಿದ 100 ಕಿಲೊಮೀಟರ್ ದಾರಿಗೆ 2015ರಲ್ಲಿ ಯುರೋಪಿನ ಉತ್ತಮ ಕಾಲುದಾರಿಯೆಂಬ ಮಾನ್ಯತೆ ಸಿಕ್ಕಿತು. ಅಲ್ಲಿಗೆ ಹೋಗುವವರನ್ನು ನಾನು ತಡೆಯುವುದಿಲ್ಲ. ಆದರೆ ಹಿಡಿಸುವುದು ಯಾವುದು ಎಂದು ಕೇಳಿನೋಡಿ: ಒಂದು ಗಂಟೆಗೊಂದು ಊರು, ನಡುವೆ ಒಂದು ದೇವಸ್ಥಾನ, ಕೂರಲು ಕಟ್ಟೆ, ಕುಡಿಯಲು ನೀರು, ಕಾಫಿ ಕೊಡುವ ಅಂಗಡಿ, ಪ್ರತಿ ಊರಿಗೂ ಒಂದು ಹಳೆಯ ಕಥೆ. ಇವುಗಳಲ್ಲಿ ಯಾವುದು ನಮ್ಮಲ್ಲಿಲ್ಲ?

ಭೋಜದಲ್ಲಿ ವೇದಗಂಗೆ ದೂಧಗಂಗೆಯನ್ನು ಕೂಡುತ್ತದೆ. ಅಲ್ಲಿಂದ ಬೇಡಕಿಹಾಳ, ಸದಲಗಾ, ಮಲಿಕವಾಡ, ಯಕ್ಸಂಬಾ ದಾಟಿ ಬಂದರೆ ಕಲ್ಲೋಳದ ಹತ್ತಿರ ದೂಧಗಂಗೆ ಕೃಷ್ಣೆಗೆ ಸೇರುತ್ತದೆ. ಮುಂದೆ ಯಡೂರು, ಮಾಂಜರಿ, ಅಂಕಲಿ. ಮಾಂಜರಿಯಲ್ಲಿ ಕೃಷ್ಣೆ ದಾಟಿ ಬಾವನಸೌಂದತ್ತಿಯ ಕಡೆ ಇಳಿದರೆ ರಾಯಬಾಗ ತಾಲೂಕು. ಅಲ್ಲಿಂದ ಚಿಂಚಲಿಯ ಮಾಯಕ್ಕನ ಗುಡಿಗೆ ಹೋಗಬಹುದು, ಅಲ್ಲಿಯೇ ರೈಲೂ ಹಿಡಿಯಬಹುದು. ಎರಡು ಊರಿನ ನಡುವೆ ಚಹಾ ಆರುವಷ್ಟು ದೂರವೂ ಇಲ್ಲದ ಕಡೆಗಳುಂಟು. ದಿನಕ್ಕೆ ಹತ್ತು ಹನ್ನೆರಡು ಕಿಲೊಮೀಟರಿನಂತೆ ಸಾವಕಾಶ ನಡೆದರೆ ಒಂದು ವಾರದ ರಜೆ ಸಾಕು.

ನೋಡಾಕ ಏನೈತಿ ಎನ್ನುವವರಿಗೆ ಒಂದೇ ಉದಾಹರಣೆ ಕೊಡುತ್ತೇನೆ. ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ಖಿದ್ರಾಪುರದ ಕೋಪೇಶ್ವರ ದೇವಾಲಯವನ್ನು ಎಲ್ಲರೂ ಕಾರಿನಲ್ಲಿ ಹೋಗಿ ನೋಡಿಬರುತ್ತಾರೆ. 12ನೆಯ ಶತಮಾನದಲ್ಲಿ ಶಿಲಾಹಾರರ ಕಾಲದಲ್ಲಿ ಎದ್ದ ಗುಡಿ, 48 ಕಂಬಗಳ ಸ್ವರ್ಗಮಂಟಪ, ನಡುವೆ ಆಕಾಶಕ್ಕೆ ತೆರೆದ ದುಂಡು ಮಾಡು. ಫೋಟೊ ತೆಗೆದುಕೊಂಡು ಒಂದು ತಾಸಿನಲ್ಲಿ ಹೊರಡುತ್ತಾರೆ. ಆ ಶಿವನ ಮುಂದೆ ನಂದಿಯಿಲ್ಲ. ನಂದಿ ಇರುವುದು ನಮ್ಮ ಯಡೂರಿನಲ್ಲಿ ಎನ್ನುತ್ತದೆ ಈ ಸೀಮೆಯ ನಂಬಿಕೆ. ದಕ್ಷನ ಯಜ್ಞಕ್ಕೆ ಸತಿ ನಂದಿಯನ್ನೇರಿ ತವರಿಗೆ ಬಂದಳು, ಆ ಯಜ್ಞ ನಡೆದದ್ದು ಯಡೂರಿನಲ್ಲಿ, ಅದಕ್ಕೇ ಇಲ್ಲಿ ವೀರಭದ್ರ, ಅಲ್ಲಿ ಕೋಪಗೊಂಡ ಶಿವ ಎಂದು ಜನ ಹೇಳುತ್ತಾರೆ. ಒಂದೇ ಕಥೆ ಎರಡು ಊರಿನಲ್ಲಿ ಹರಡಿಕೊಂಡಿದೆ, ಇವತ್ತು ಎರಡು ರಾಜ್ಯಗಳಲ್ಲಿ. ಕಾರಿನವರಿಗೆ ಇವು ಬೇರೆಬೇರೆ ಎರಡು ಸ್ಥಳ. ನಡೆಯುವವರಿಗೆ ಗಂಡನ ಮನೆಯಿಂದ ತವರಿಗೆ ಬಂದ ಒಬ್ಬ ಹೆಣ್ಣುಮಗಳ ದಾರಿ. ಯಡೂರಿನಲ್ಲಿ ನಂದಿಯನ್ನು ಕಂಡು, ಹೊಳೆಯ ಕಡೆಯಿಂದ ಹಗಲೆಲ್ಲ ನಡೆದು ಖಿದ್ರಾಪುರ ಮುಟ್ಟಿದಾಗ ಮಾತ್ರ ಆ ಖಾಲಿ ಜಾಗ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ದಾರಿಯ ದೂರವೇ ಇಲ್ಲಿ ಕಥೆಯ ಅರ್ಥ. ಅದನ್ನು ಬಿಟ್ಟು ಗುಡಿ ಮಾತ್ರ ನೋಡುವುದು ಅರ್ಧ ನೋಟ ಎಂದು ನಾನು ಹೇಳಲೇಬೇಕು.

ಹಿರಿಯರ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಅದಕ್ಕೆ ಬೇರು ಇದೆ. ಪಂಢರಪುರದ ವಾರಿಯಲ್ಲಿ ಜ್ಞಾನೇಶ್ವರ ಮಾವುಲಿಯ ಪಾಲಖಿಗೆ ಹೋಗುವ ಕುದುರೆಗಳು ಪ್ರತಿ ವರ್ಷ ಹೊರಡುವುದು ನಮ್ಮ ಅಂಕಲಿಯ ಶಿತೋಳೆ ಸರಕಾರರ ವಾಡೆಯಿಂದ. ಅಲ್ಲಿಂದ ಆಳಂದಿಯವರೆಗೆ ನಡೆದೇ ಹೋಗುತ್ತವೆ. ಯಡೂರಿನಿಂದ ಶ್ರೀಶೈಲದವರೆಗೆ 2022ರಲ್ಲಿ ಶ್ರೀಶೈಲ ಪೀಠದ ಜಗದ್ಗುರುಗಳ ಜೊತೆ ಜನ ನಡೆದರು. ಚಿಂಚಲಿಗೆ ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡೂ ನಡೆದೂ ಬರುವವರಿಗೆ ಲೆಕ್ಕವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, 20ನೆಯ ಶತಮಾನದ ಇಬ್ಬರು ಮಹಾ ಪಾದಚಾರಿಗಳು ಬೇಡಕಿಹಾಳದ ಎಡಬಲದ ಊರಿನವರು. 1872ರಲ್ಲಿ ಹುಟ್ಟಿದ ಭೋಜದ ಸಾತಗೌಡ ಪಾಟೀಲರು ದಿಗಂಬರ ಜೈನ ಮುನಿ ಆಚಾರ್ಯ ಶಾಂತಿಸಾಗರರಾಗಿ, 1920ರ ದಶಕದ ಕೊನೆಯಲ್ಲಿ ಸಂಘದೊಡನೆ ದಕ್ಷಿಣದಿಂದ ಸಮ್ಮೇದ ಶಿಖರ್ಜಿಯವರೆಗೆ ಬರಿಗಾಲಲ್ಲಿ ನಡೆದರು. ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 1968ರಲ್ಲಿ ಅಜ್ಮೀರದಲ್ಲಿ ಮುನಿದೀಕ್ಷೆ ಪಡೆದು, 2024ರಲ್ಲಿ ಡೋಂಗರಗಢದಲ್ಲಿ ದೇಹ ಬಿಡುವವರೆಗೆ ವಾಹನ ಹತ್ತಲಿಲ್ಲ.

ಇಂಥ ಸೀಮೆಯಲ್ಲಿ ನಡಿಗೆಗೆ ದೇವರು ಬೇಕು, ಸಂಘ ಬೇಕು ಎನ್ನುವವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ದಿಗಂಬರ ಮುನಿಗಳ ಆಚಾರದಲ್ಲೂ ಏಕಲವಿಹಾರಕ್ಕೆ, ಅಂದರೆ ಒಬ್ಬರೇ ಸಂಚರಿಸುವುದಕ್ಕೆ, ಸುಲಭದ ಸಮ್ಮತಿಯಿಲ್ಲ. ಪಕ್ವತೆ ಬಂದವರಿಗೆ ಮಾತ್ರ ಅದು. ಆದರೆ ಆ ನಿಯಮದ ಒಳಗೇ ಒಂದು ಒಪ್ಪಿಗೆಯಿದೆಯಲ್ಲ: ಒಂಟಿ ನಡಿಗೆ ಕೀಳು ಎಂದು ಅದು ಹೇಳುವುದಿಲ್ಲ, ಕಷ್ಟದ್ದು ಎನ್ನುತ್ತದೆ. ನಮ್ಮವರು ಆ ಕಷ್ಟದ ಮಾತನ್ನು ಮರೆತು ಬೇಡ ಎಂಬುದನ್ನಷ್ಟೇ ಇಟ್ಟುಕೊಂಡಿದ್ದಾರೆ.

ದಿಂಡಿಯ ನಡಿಗೆಯಲ್ಲಿ ಸಿಗುವುದೇ ಬೇರೆ, ಒಂಟಿ ನಡಿಗೆಯಲ್ಲಿ ಸಿಗುವುದೇ ಬೇರೆ. ದಿಂಡಿಯಲ್ಲಿ ಹೆಜ್ಜೆಯ ವೇಗ ಗುಂಪಿನದು, ಕಣ್ಣು ಮುಟ್ಟಬೇಕಾದ ಕಳಸದ ಮೇಲೆ. ನಡುವಿನ ಊರುಗಳು ನೀರು, ಪ್ರಸಾದ ಕೊಡುವ ಜಾಗಗಳು. ಅದರ ಸುಖ ದೊಡ್ಡದು, ನಾನು ಅದನ್ನು ಕಡಿಮೆ ಮಾಡುವುದಿಲ್ಲ. ಒಬ್ಬರೇ ಹೋದಾಗ ನಡುವಿನ ಊರೇ ಊರು. ದಿಂಡಿಗೆ ಜನ ಕೈ ಮುಗಿಯುತ್ತಾರೆ, ಒಂಟಿಯಾಗಿ ಬಂದವರ ಜೊತೆ ಮಾತಾಡುತ್ತಾರೆ. “ಗಾಡಿ ಕೆಟ್ಟೈತೇನ್ರಿ ಅಕ್ಕಾರ?” ಎಂದು ಶುರುವಾಗಿ, “ಯಾರ ಪೈಕಿ, ಯಾವೂರ?” ಎಂದು ಮುಂದುವರಿದು, 1981ರ ನಿಪ್ಪಾಣಿ ತಂಬಾಕು ಬೆಳೆಗಾರರ ಚಳವಳಿಯಲ್ಲಿ ಅಪ್ಪ ಎಲ್ಲಿ ಕೂತಿದ್ದ, 2019ರ ಹೊಳೆ ಯಾವ ಗೋಡೆಯವರೆಗೆ ಬಂದಿತ್ತು ಎಂಬಲ್ಲಿಗೆ ಹೋಗುತ್ತದೆ. ಗೋಡೆಯ ಮೇಲಿನ ನೀರಿನ ಗೆರೆಯನ್ನು ಕೈಯಿಟ್ಟು ತೋರಿಸುತ್ತಾರೆ. ಯಾವ ಮಾರ್ಗದರ್ಶಿ ಪುಸ್ತಕದಲ್ಲೂ ಆ ಗೆರೆ ಇಲ್ಲ.

ಹೆಣ್ಣುಮಗಳು ಒಬ್ಬಳೇ ಹೋಗಬಾರದು ಎನ್ನುವ ಮಾತಿಗೆ ನಾನು ಉತ್ತರ ಹುಡುಕಿದ್ದು ಇದೇ ರಸ್ತೆಗಳಲ್ಲಿ. ಬೆಳಿಗ್ಗೆ ಆರಕ್ಕೆ ಗಳತಗಾ, ಶಮನೇವಾಡಿಯ ಹಾದಿಯಲ್ಲಿ ನಿಂತು ನೋಡಿ. ಕುಡಗೋಲು ಹಿಡಿದು ಒಬ್ಬಳೇ ಹೊಲಕ್ಕೆ ಹೋಗುವ ಹೆಂಗಸು, ಸಂಜೆ ಮೇವಿನ ಹೊರೆ ಹೊತ್ತು ಒಬ್ಬಳೇ ಬರುವ ಹೆಂಗಸು. ನಿಪ್ಪಾಣಿಯ ತಂಬಾಕಿನ ವಖಾರಗಳಿಗೆ ಹೆಂಗಸರು ದಶಕಗಳಿಂದ ಕಾಲ್ನಡಿಗೆಯಲ್ಲೇ ಹೋದವರು. ಯಾರೂ ಅವರನ್ನು ತಡೆದು ಎಲ್ಲಿಗೆ, ಯಾಕೆ ಎನ್ನುವುದಿಲ್ಲ. ಅಂದಮೇಲೆ ನಮ್ಮ ಜನಕ್ಕೆ ಒಂಟಿ ಹೆಣ್ಣು ಹೊಸದಲ್ಲ, ನಡಿಗೆಯೂ ಹೊಸದಲ್ಲ. ತಲೆಯ ಮೇಲೆ ಹೊರೆಯಿಲ್ಲದೆ, ಮನಸ್ಸಿನಲ್ಲಿ ಹರಕೆಯಿಲ್ಲದೆ, ಬಿಡುವಿಗೆಂದು ನಡೆಯುವವಳು ಹೊಸಬಳು. ದುಡಿಮೆಗೆ ದಾರಿ ಬಿಡುವ ಊರು, ಭಕ್ತಿಗೆ ದಾರಿ ಬಿಡುವ ಊರು, ಬಿಡುವಿಗೆ ಮಾತ್ರ ಕಾರಣ ಕೇಳುತ್ತದೆ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಹೋದ ಅಕ್ಕಮಹಾದೇವಿಯ ಪಟ ಮನೆಮನೆಯಲ್ಲಿದೆ. ಆ ಪಟದ ಕೆಳಗೆ ಕೂತು ಮಗಳಿಗೆ ಸದಲಗಾದವರೆಗೂ ಜೊತೆ ಕಳಿಸುವವರು ನಾವು. ಅಪಾಯ ಇಲ್ಲವೆನ್ನುವುದಿಲ್ಲ. ನನ್ನ ಅನುಭವದಲ್ಲಿ ಹೆಚ್ಚಿನ ಅಪಾಯ ಮನುಷ್ಯರಿಂದ ಬಂದದ್ದಲ್ಲ, ಎರಡು ಟ್ರೇಲರ್ ಕಬ್ಬು ಕಟ್ಟಿಕೊಂಡು, ಕಿವಿ ಕಿವುಡಾಗುವಂತೆ ಹಾಡು ಹಚ್ಚಿಕೊಂಡು ಬರುವ ಟ್ರ್ಯಾಕ್ಟರಿನಿಂದ. ಅದು ಗಂಡಸಿಗೂ ಅಷ್ಟೇ ಅಪಾಯ.

ಹಾಗಾಗಿಯೇ ತಯಾರಿ ಬೇಕು ಎನ್ನುವುದು. ಇಲ್ಲಿಯೂ ಒಂದು ಚಾಲ್ತಿ ಮಾತಿದೆ: ನಡಿಗೆಗೆ ಯೋಜನೆ ಏಕೆ, ಕಾಲು ಎಳೆದತ್ತ ಹೋಗಬೇಕು, ಆಗಲೇ ಮಜಾ. ಕೇಳಲು ಚೆಂದ. ಆದರೆ ಜೈನ ಮುನಿಗಳ ವಿಹಾರವನ್ನು, ಅಂದರೆ ಸಂಚಾರವನ್ನು, ಹತ್ತಿರದಿಂದ ನೋಡಿದವರು ಹಾಗೆ ಹೇಳುವುದಿಲ್ಲ. ಎಲ್ಲ ಬಿಟ್ಟವರ ಆ ನಡಿಗೆಗೆ ಇರುವಷ್ಟು ನಿಯಮ ಬೇರೆ ಯಾವ ಪ್ರಯಾಣಕ್ಕೂ ಇಲ್ಲ. ಮಳೆಗಾಲದ ನಾಲ್ಕು ತಿಂಗಳು ಒಂದೇ ಊರು, ದಿನಕ್ಕೆ ಒಂದೇ ಹೊತ್ತು ಆಹಾರ, ಕತ್ತಲಾದಮೇಲೆ ನಡಿಗೆಯಿಲ್ಲ. ಮುಂದಿನ ಊರಿನಲ್ಲಿ ತಂಗುವುದೆಲ್ಲಿ ಎಂದು ಶ್ರಾವಕರು, ಅಂದರೆ ಗೃಹಸ್ಥ ಭಕ್ತರು, ಮೊದಲೇ ನೋಡಿಟ್ಟಿರುತ್ತಾರೆ. ತಯಾರಿ ಸರಿಯಾಗಿದ್ದರೆ ಮಾತ್ರ ನಡೆಯುವಾಗ ಮನಸ್ಸು ಬಿಡುವಾಗುತ್ತದೆ.

ಮುಖ್ಯವಾಗಿ ಕಾಲ. ಮಳೆ ನಿಂತ ಕೂಡಲೇ, ದಸರೆ ದೀಪಾವಳಿಯ ಹೊತ್ತಿಗೆ ಹಸಿರಿರುತ್ತದೆ, ಆಗ ಹೋಗಿ ಎಂದು ಎಲ್ಲರೂ ಹೇಳುತ್ತಾರೆ. ಬೆಟ್ಟದ ಸೀಮೆಗೆ ಅದು ಸರಿ, ಕಬ್ಬಿನ ಸೀಮೆಗೆ ಸಲ್ಲದು. ಆಗ ಕಬ್ಬು ಆಳೆತ್ತರ ಮೀರಿ ನಿಂತಿರುತ್ತದೆ. ಎರಡೂ ಬದಿ ಗೋಡೆ, ಗಾಳಿಯಿಲ್ಲ, ಹೊಳೆ ಹತ್ತೇ ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ, ಎರೆಮಣ್ಣು ಹಸಿಯಾಗಿ ಕಾಲಿಗೆ ಮೆತ್ತುತ್ತದೆ, ಹಾವಿನ ಭಯ ಬೇರೆ. ನನ್ನ ಆಯ್ಕೆ ಮಾಘಮಾಸ. ಬೀಡ ಜಿಲ್ಲೆಯಿಂದ ಬಂದ ಗ್ಯಾಂಗುಗಳು ಅರ್ಧಕ್ಕಿಂತ ಹೆಚ್ಚು ಕಬ್ಬು ಕಡಿದಿರುತ್ತವೆ, ಸೀಮೆ ಬಿಚ್ಚಿಕೊಂಡು ದೂರದ ಬಸದಿಯ ಶಿಖರ, ಕಾರ್ಖಾನೆಯ ಚಿಮಣಿ, ಹೊಳೆಸಾಲಿನ ಮರಗಳು ಒಟ್ಟಿಗೆ ಕಾಣುತ್ತವೆ. ಕೊಲ್ಹಾಪುರ ಮಾದರಿಯ ಬಾಂದಾರಗಳಿಗೆ, ಅಂದರೆ ಹೊಳೆಗೆ ಅಡ್ಡ ಕಟ್ಟಿದ ಕಿರು ಒಡ್ಡುಗಳಿಗೆ, ಹಲಗೆ ಹಾಕಿರುವುದರಿಂದ ಹೊಳೆಯಲ್ಲಿ ನೀರು ನಿಂತಿರುತ್ತದೆ, ಮೇಲೆ ದಾಟಲು ದಾರಿಯಿರುತ್ತದೆ. ಕಾರದಗಾ–ಭೋಜ, ಸದಲಗಾ–ಬೋರಗಾಂವ, ಮಲಿಕವಾಡ–ದತ್ತವಾಡ, ಕಲ್ಲೋಳ–ಯಡೂರು: ಮಳೆಗಾಲದಲ್ಲಿ ಮುಳುಗಿದವೆಂದು ಪೇಪರಿನಲ್ಲಿ ಬರುವ ಈ ಜೋಡಿ ಹೆಸರುಗಳೇ ಬೇಸಿಗೆಯ ಕಡೆಗೆ ನಡೆಯುವವರ ಹಾದಿಯ ಪಟ್ಟಿ. ಮಲಿಕವಾಡದಲ್ಲಿ ದಾಟಿದರೆ ಆಚೆ ಮಹಾರಾಷ್ಟ್ರ. ಚಹಾ ಅದೇ, ಮಾತು ಮಾತ್ರ ಮರಾಠಿಗೆ ಹೊರಳುತ್ತದೆ. ಮರಾಠಿ ಬರದಿದ್ದರೂ ನಡೆಯುತ್ತದೆ.

ಉಳಿದದ್ದು ಬೇಗ ಹೇಳುತ್ತೇನೆ. ಬೆಳಕು ಹರಿಯುವಾಗ ಹೊರಟು ಹನ್ನೊಂದಕ್ಕೆ ನಿಲ್ಲಬೇಕು. ಎರಡು ಲೀಟರ್ ನೀರು ಬೆನ್ನಿಗಿರಲಿ, ಹೊಳೆಯ ನೀರು ಕುಡಿಯುವಂತಿಲ್ಲ. ಊಟಕ್ಕೆ ಖಾನಾವಳಿ. ಪ್ರತಿ ಊರಿನಲ್ಲೂ ತಂಗುವ ಹಟ ಬೇಡ. ಚಿಕ್ಕೋಡಿಯಲ್ಲೋ ನಿಪ್ಪಾಣಿಯಲ್ಲೋ ಲಾಡ್ಜು ಹಿಡಿದು, ಸಂಜೆ ಬಸ್ಸಿಗೆ ಮರಳಿ, ಮುಂಜಾನೆ ಬಿಟ್ಟಲ್ಲಿಂದಲೇ ಹೆಜ್ಜೆ ಹಿಡಿಯಬಹುದು. ದ್ವೀಪಕ್ಕೆ ಹೋಗುವವರಲ್ಲೂ ಬಹಳ ಮಂದಿ ಒಂದೇ ಊರಿನಲ್ಲಿ ಉಳಿದು ಹೀಗೆಯೇ ಮಾಡುತ್ತಾರೆ. ಬೈಕಿನವರು ಪ್ರತಿ ಮೈಲಿಗೂ ನಿಲ್ಲಿಸಿ “ಹತ್ರಿ, ಬಿಡ್ತೇನಿ” ಎನ್ನುತ್ತಾರೆ. ಬೇಡವೆಂದು ಅವರ ಮನಸ್ಸು ನೋಯದಂತೆ ಹೇಳುವುದನ್ನು ಕಲಿಯಬೇಕು. ಆ ಪ್ರೀತಿ ಅಲ್ಲಗಳೆಯುವಂಥದ್ದಲ್ಲ.

ನಿಜವಾಗಿ ನಮ್ಮಲ್ಲಿ ಕೊರತೆಯಿರುವುದು ದಾರಿಗೆ. ಡಾಂಬರು ರಸ್ತೆ ಟ್ರ್ಯಾಕ್ಟರಿಗೆ ಹೋಗಿದೆ. ಆದರೆ ಪ್ರತಿ ಊರಿನ ಗ್ರಾಮ ನಕಾಶೆಯಲ್ಲಿ ಕಾಲುದಾರಿ, ಬಂಡಿದಾರಿಗಳು ತುಂಡುಗೆರೆಯಲ್ಲಿ ಇಂದಿಗೂ ಇವೆ. ಕಂದಾಯ ಇಲಾಖೆಯ ಜಾಲತಾಣದಲ್ಲಿ ಆ ನಕಾಶೆ ಸಿಗುತ್ತದೆ, ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ತೋರಿಸುತ್ತದೆ. ಎರಡನ್ನೂ ಹಿಡಿದು ಹೊರಟರೆ ಕೆಲವು ದಾರಿ ಹಾಗೆಯೇ ಉಳಿದಿವೆ, ಕೆಲವು ಕಬ್ಬಿನ ಸಾಲಿನೊಳಗೆ ಹೋಗಿಬಿಟ್ಟಿವೆ. ಹೊಲಕ್ಕೆ ಹೋಗಲು ದಾರಿಯಿಲ್ಲವೆಂದು ತಹಶೀಲ್ದಾರರ ಕಚೇರಿಗೆ ಅಲೆಯುವ ರೈತರಿಗೂ ಇದೇ ತುಂಡುಗೆರೆ ಆಧಾರ. ಹಾಗಿರುವಾಗ ನಡೆಯುವವರ ಹಿತ, ಒಕ್ಕಲುತನದ ಹಿತ ಬೇರೆಬೇರೆ ಎನ್ನುವ ವಾದ ನಿಲ್ಲುವುದಿಲ್ಲ. ಆಂಡ್ರೋಸಿನವರು ಬಿಡಿಸಿದ್ದೂ ಒಕ್ಕಲಿಗರ ದಾರಿಯನ್ನೇ. ನಮ್ಮಲ್ಲಿ ಭೋಜದಿಂದ ಬೇಡಕಿಹಾಳದ ಮೇಲೆ ಸದಲಗಾವರೆಗಿನ ತುಂಡನ್ನು ಮೊದಲು ಹಿಡಿಯಬಹುದು. ಆ ಊರುಗಳ ಪ್ರೌಢಶಾಲೆಯ ಮಕ್ಕಳು ಒಂದು ಮಾಘದಲ್ಲಿ ನಕಾಶೆ ಹಿಡಿದು ನಡೆದು, ಯಾವ ಗೆರೆ ನೆಲದ ಮೇಲಿದೆ, ಯಾವುದು ಇಲ್ಲ ಎಂದು ಸರ್ವೆ ನಂಬರಿನ ಸಮೇತ ಬರೆದುಕೊಟ್ಟರೆ, ಮೂರೂ ಊರಿನವರ ಕೈಗೆ ಮುಂದಿನ ಸಭೆಯಲ್ಲಿ ಓದಲು ಒಂದು ದಾಖಲೆ ಬರುತ್ತದೆ.