ಇನ್ನೂರು ವೀರರು, ಒಂದು ನಿರ್ಧಾರ

ಎರಡು ಸೂಪರ್‌ಹೀರೋ ಪಡೆಗಳು ಒಂದೇ ಕಾಮಿಕ್ಸಿನಲ್ಲಿ ಎದುರುಬದುರಾದಾಗ ಓದುಗರು ಸಾಮಾನ್ಯವಾಗಿ ಎರಡು ಲೆಕ್ಕ ಇಡುತ್ತಾರೆ. ಯಾರು ಯಾರನ್ನು ಸೋಲಿಸಿದರು ಎಂಬುದು ಒಂದು; ಮೆಚ್ಚಿನ ವೀರನಿಗೆ ಎಷ್ಟು ಪುಟ ಸಿಕ್ಕಿತು ಎಂಬುದು ಇನ್ನೊಂದು. ಪ್ರಕಾಶಕರ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ. ಡಿಸಿ ಮತ್ತು ಮಾರ್ವೆಲ್ ಜಂಟಿಯಾಗಿ 2003–04ರಲ್ಲಿ ನಾಲ್ಕು ಸಂಚಿಕೆಗಳಲ್ಲಿ ಹೊರತಂದ, ಕರ್ಟ್ ಬ್ಯೂಸಿಕ್ ಬರೆದು ಜಾರ್ಜ್ ಪೆರೆಝ್ ಚಿತ್ರಿಸಿದ ‘ಜೆಎಲ್‌ಎ/ಅವೆಂಜರ್ಸ್’ನ ಹೆಸರಿನಲ್ಲೇ ಈ ಎಚ್ಚರ ಕಾಣುತ್ತದೆ: ಬೆಸ ಸಂಚಿಕೆಗಳಲ್ಲಿ ಡಿಸಿಯ ಜಸ್ಟಿಸ್ ಲೀಗ್ (ಜೆಎಲ್‌ಎ) ಮೊದಲು, ಸಮ ಸಂಚಿಕೆಗಳಲ್ಲಿ ಮಾರ್ವೆಲ್‌ನ ಅವೆಂಜರ್ಸ್ ಮೊದಲು. 1983ಕ್ಕೆ ಬರಬೇಕಿದ್ದ ಇಂಥದೇ ಒಂದು ಪುಸ್ತಕ, ಪೆರೆಝ್ ಕೆಲವು ಪುಟಗಳನ್ನು ಚಿತ್ರಿಸಿದ ಮೇಲೂ, ಎರಡು ಸಂಸ್ಥೆಗಳ ಸಂಪಾದಕರ ನಡುವೆ ಒಮ್ಮತ ಮೂಡದೆ ನಿಂತುಹೋಗಿತ್ತು. ಹಾಗಾಗಿ ಸಮಪಾಲು ಎಂಬುದು ಇಲ್ಲಿ ಕಥೆ ಹುಟ್ಟುವುದಕ್ಕೇ ಹಾಕಿದ ಷರತ್ತು. ಆದರೆ ಷರತ್ತು ಪೂರೈಸಿದ ಮಾತ್ರಕ್ಕೆ ಕೃತಿ ಗೆದ್ದಂತಾಗದು. ಅಷ್ಟು ಜನ ಒಂದೆಡೆ ಸೇರದೆ ಹುಟ್ಟಲಾರದಂಥ ಪ್ರಶ್ನೆಯೊಂದನ್ನು ಅದು ಹುಟ್ಟಿಸಿತೇ ಎಂದು ಕೇಳಬೇಕು. ಈ ಪುಸ್ತಕ ಹುಟ್ಟಿಸಿದೆ. ನಡುದಾರಿಯಲ್ಲಿ ಅದನ್ನು ಮರೆತೂ ಇದೆ.

ಪ್ರಶ್ನೆ ಮೊದಲ ಸಂಚಿಕೆಯಲ್ಲೇ ಮೊಳೆಯುತ್ತದೆ. ಮಾರ್ವೆಲ್ ಜಗತ್ತಿಗೆ ಬಂದಿಳಿದ ಜಸ್ಟಿಸ್ ಲೀಗ್‌ಗೆ ಕಾಣುವುದು ಸರ್ವಾಧಿಕಾರಿಯ ಕೈಯಲ್ಲಿರುವ ಲಾಟ್ವೀರಿಯಾ, ಹಾಳುಬಿದ್ದ ಜೆನೋಶಾ. ಇಷ್ಟೆಲ್ಲ ಬಲವಿಟ್ಟುಕೊಂಡು ಈ ಅವೆಂಜರ್ಸ್ ಮಾಡಿದ್ದೇನು ಎಂದು ಸೂಪರ್‌ಮ್ಯಾನ್ ಸಿಡಿಮಿಡಿಗೊಳ್ಳುತ್ತಾನೆ. ಅತ್ತ ಡಿಸಿ ಜಗತ್ತಿನಲ್ಲಿ ವೀರರಿಗೆ ಪ್ರತಿಮೆಗಳಿವೆ, ಫ್ಲ್ಯಾಶ್‌ನ ಹೆಸರಿಗೊಂದು ವಸ್ತುಸಂಗ್ರಹಾಲಯವೇ ಇದೆ. ಅದನ್ನು ಕಂಡ ಕ್ಯಾಪ್ಟನ್ ಅಮೆರಿಕಾಗೆ ಇವರು ಜನರಿಂದ ಪೂಜೆ ಮಾಡಿಸಿಕೊಳ್ಳುವ ದೊರೆಗಳಿರಬೇಕೆಂಬ ಗುಮಾನಿ. ಎರಡು ಪ್ರಕಾಶನಗಳ ಕಥಾಧೋರಣೆಯ ವ್ಯತ್ಯಾಸವನ್ನು ಬ್ಯೂಸಿಕ್ ಹೀಗೆ ಪಾತ್ರಗಳ ನಡುವಿನ ಜಗಳವಾಗಿ ಮಾಡುತ್ತಾರೆ: ಒಂದೆಡೆ ಜನರು ಆರಾಧಿಸುವ ವೀರರು, ಇನ್ನೊಂದೆಡೆ ಜನರು ಅನುಮಾನದಿಂದ ನೋಡುವ ವೀರರು. ಇಬ್ಬರೇ ವೀರರು ಮುಖಾಮುಖಿಯಾಗಿದ್ದ 1976ರ ಸೂಪರ್‌ಮ್ಯಾನ್–ಸ್ಪೈಡರ್‌ಮ್ಯಾನ್ ಕಥೆಗೆ ಈ ಹರಹು ದಕ್ಕುವಂತಿರಲಿಲ್ಲ. ಒಬ್ಬ ವೀರನ ದೋಷವನ್ನು ಅವನ ಸ್ವಭಾವಕ್ಕೆ ಕಟ್ಟಿ ಕೈತೊಳೆದುಕೊಳ್ಳಬಹುದು. ಇಡೀ ಪಡೆಯನ್ನು ಕಂಡಾಗ ಅದನ್ನು ಸಾಕಿದ ಸಮಾಜದತ್ತಲೂ ಬೆರಳು ತಿರುಗುತ್ತದೆ.

ಇಷ್ಟು ಒಳ್ಳೆಯ ಪ್ರಶ್ನೆಯನ್ನು ಕೈಯಲ್ಲಿಟ್ಟುಕೊಂಡು ಪುಸ್ತಕ ಹನ್ನೆರಡು ವಸ್ತುಗಳ ಬೇಟೆಗೆ ಹೊರಡುವುದೇ ಅದರ ದೊಡ್ಡ ದೌರ್ಬಲ್ಯ. ಸೃಷ್ಟಿಯ ಮೂಲ ತಿಳಿಯುವ ಹಟದಲ್ಲಿ ವಿಶ್ವಗಳನ್ನೇ ನಾಶಮಾಡುತ್ತ ಬರುವ ಕ್ರೋನಾನನ್ನು ತಡೆಯಲು ಮಾರ್ವೆಲ್ ಜಗತ್ತಿನ ಗ್ರ್ಯಾಂಡ್‌ಮಾಸ್ಟರ್ ಒಂದು ಪಂದ್ಯ ಒಡ್ಡುತ್ತಾನೆ: ಒಂದೊಂದು ಜಗತ್ತಿನಿಂದ ಆರಾರು ಮಹಾಶಕ್ತಿಯ ವಸ್ತುಗಳು, ಹೆಚ್ಚು ಗಳಿಸಿದವರಿಗೆ ಗೆಲುವು. ಇಲ್ಲಿಂದ ಕಥೆ ಅಂಕಪಟ್ಟಿಯಾಗುತ್ತದೆ. ತಂಡಗಳು ಚದುರುತ್ತವೆ, ಒಂದಷ್ಟು ಚೌಕಟ್ಟುಗಳಲ್ಲಿ ಕಾದಾಡುತ್ತವೆ, ಮುಂದಿನ ವಸ್ತುವಿಗೆ ಓಡುತ್ತವೆ. ಇಷ್ಟು ಮಂದಿಗೆ ಕೆಲಸ ಹಂಚಲು ಬೇರೆ ಉಪಾಯವೇನಿತ್ತು ಎಂದು ಕೇಳುವವರುಂಟು. ಹಂಚಿಕೆ ಅನಿವಾರ್ಯವಿರಬಹುದು, ಆದರೆ ಯಾವ ಪೆಟ್ಟೂ ಯಾರ ನಿಲುವನ್ನೂ ಬದಲಿಸದಿದ್ದರೆ ಪುಟ ತುಂಬುತ್ತದೆಯೇ ಹೊರತು ಕಥೆ ಮುಂದೆ ಹೋಗುವುದಿಲ್ಲ. ಈ ಸುತ್ತಾಟವನ್ನು ಉಳಿಸುವುದು ಅದರ ಕೊನೆಯ ತಿರುವು. ಲೀಗ್ ಗೆದ್ದರೆ ಮಾತ್ರ ಮಾರ್ವೆಲ್ ಜಗತ್ತು ಉಳಿಯುತ್ತದೆ ಎಂಬುದು ಬ್ಯಾಟ್‌ಮ್ಯಾನ್ ಮತ್ತು ಕ್ಯಾಪ್ಟನ್ ಅಮೆರಿಕಾ ಇಬ್ಬರಿಗೂ ತಿಳಿದಾಗ, ಕ್ಯಾಪ್ಟನ್ ತನ್ನ ಪಡೆ ಸೋಲುವಂತೆ ತಾನೇ ನೋಡಿಕೊಳ್ಳುತ್ತಾನೆ. ಯಾರು ಗೆದ್ದರು ಎಂಬ ಲೆಕ್ಕವನ್ನು ಅಭಿಮಾನಿಗಳ ಕೈಯಿಂದ ಕಿತ್ತುಕೊಳ್ಳಲು ಇದಕ್ಕಿಂತ ಜಾಣ ದಾರಿ ಇರಲಿಲ್ಲ.

ಬರಹ ಸೊರಗಿದಲ್ಲಿ ಹೊರೆ ಹೊತ್ತವರು ಪೆರೆಝ್. ಅಲ್ಲಿಯವರೆಗೆ ಎರಡೂ ಪಡೆಗಳಲ್ಲಿ ಎಂದಾದರೂ ಇದ್ದವರೆಲ್ಲರನ್ನೂ ತುಂಬಿಸಿಕೊಂಡ ಮೂರನೆಯ ಸಂಚಿಕೆಯ ಮುಖಪುಟದಲ್ಲಿ ಇನ್ನೂರಕ್ಕೂ ಹೆಚ್ಚು ವೀರರಿದ್ದಾರೆ. ಅದನ್ನು ಬರಿಯ ಶ್ರಮದ ಪ್ರದರ್ಶನ ಎಂದು ಬದಿಗಿಡುವುದು ಸುಲಭ. ಆದರೆ ಒಳಪುಟಗಳ ಗುಂಪುಗಳನ್ನು ನಿಧಾನವಾಗಿ ನೋಡಿದರೆ ಬೇರೊಂದು ವಿಷಯ ಹೊಳೆಯುತ್ತದೆ. ಪೆರೆಝ್ ಅವರ ಗುಂಪಿನಲ್ಲಿ ಹತ್ತರೊಡನೆ ಹನ್ನೊಂದಾಗಿ ನಿಂತವನಿಗೂ ತನ್ನದೇ ನಿಲುವಿದೆ. ಎಲ್ಲರ ಹೆಗಲೂ ಒಂದೇ ಅಗಲವಲ್ಲ, ಎಲ್ಲರ ಕಣ್ಣೂ ಒಂದೇ ಕಡೆಗಲ್ಲ. ಮಾತು ಸಿಗದ ಪಾತ್ರಕ್ಕೆ ಮೈಯ ಭಂಗಿಯೇ ಮಾತಾಗುತ್ತದೆ. ಯಕ್ಷಗಾನದ ಒಡ್ಡೋಲಗದಲ್ಲಿ ವೇಷವೊಂದು ಬಾಯಿ ತೆರೆಯುವ ಮೊದಲೇ ಹೆಜ್ಜೆಯಿಂದ ತಾನಾರೆಂದು ಹೇಳುವ ಹಾಗೆ. ಇದಕ್ಕೆ ಬೆಲೆಯನ್ನೂ ತೆರಬೇಕಾಗಿದೆ: ಕೆಲವು ಪುಟಗಳು ಎಷ್ಟು ಕಿಕ್ಕಿರಿದಿವೆಯೆಂದರೆ ಮುಖ್ಯ ಪೆಟ್ಟು ಯಾವುದೆಂದು ಹುಡುಕಬೇಕು.

ಪುಸ್ತಕದ ನಿಜವಾದ ಎತ್ತರ ಮೂರನೆಯ ಸಂಚಿಕೆ. ಪಂದ್ಯ ಮುಗಿದ ಮೇಲೆ ಎರಡು ಜಗತ್ತುಗಳು ಬೆಸೆದುಕೊಂಡಿವೆ, ಪಡೆಗಳು ಹಳೆಯ ಸ್ನೇಹಿತರಂತೆ ಬಾಳುತ್ತಿವೆ. ಆಗ ಅವರಿಗೆ ತಮ್ಮ ತಮ್ಮ ಅಸಲಿ ಬದುಕು ಕಾಣುತ್ತದೆ. ಲೀಗ್‌ನ ಫ್ಲ್ಯಾಶ್ ಆದ ಬ್ಯಾರಿ ಆಲನ್‌ಗೆ ತನ್ನ ಸಾವು, ಅದೇ ಪಡೆಯ ಹಾಲ್ ಜೋರ್ಡನ್‌ಗೆ ತನ್ನ ಪತನ, ಅವೆಂಜರ್ಸ್ ದಂಪತಿ ವಿಷನ್ ಮತ್ತು ವಾಂಡಾಗೆ ಕಳೆದುಹೋಗುವ ಮಕ್ಕಳು. ಹಾಗಿದ್ದೂ ಜಗತ್ತುಗಳನ್ನು ಮೊದಲಿನಂತೆ ಮಾಡಲು ಅವರು ಒಪ್ಪುತ್ತಾರೆ. ದಶಕಗಳ ಕಥೆ ಓದದ ಹೊಸಬರಿಗೆ ಇದು ಹೇಗೆ ತಟ್ಟೀತು ಎಂಬುದು ಗಟ್ಟಿಯಾದ ಆಕ್ಷೇಪ. ಹಾಲ್‌ನ ಪತನದ ವಿವರ ಗೊತ್ತಿಲ್ಲದವನಿಗೆ ಆ ಚೌಕಟ್ಟಿನ ಭಾರ ಅರ್ಧವೇ ಸಿಗುತ್ತದೆ, ಸರಿ. ಆದರೆ ನಿರ್ಧಾರ ಅರ್ಥವಾಗಲು ವಿವರ ಬೇಕಿಲ್ಲ: ತಾನು ಸಾಯುವ ಲೋಕವೇ ನಿಜವಾದ ಲೋಕ ಎಂದು ತಿಳಿದವನು ಅದನ್ನೇ ಆರಿಸಿಕೊಳ್ಳುತ್ತಿದ್ದಾನೆ ಎಂಬುದು ಆ ಪುಟದಲ್ಲೇ ಇದೆ. ಇಲ್ಲಿ ಪಾತ್ರಗಳ ಸಂಖ್ಯೆಯೂ ಸಾರ್ಥಕವಾಗುತ್ತದೆ. ಒಬ್ಬನ ತ್ಯಾಗ ಹಳೆಯ ಕಥೆ. ಒಬ್ಬೊಬ್ಬರಿಗೂ ಒಂದೊಂದು ಬಗೆಯ ನಷ್ಟ ಕಾದಿರುವ ಗುಂಪೊಂದು ಒಟ್ಟಾಗಿ ಹೂಂ ಎನ್ನುವುದು ದೊಡ್ಡ ಬಳಗದ ಕಥೆಗೆ ಮಾತ್ರ ಸಾಧ್ಯ.

ಕೊನೆಯ ಸಂಚಿಕೆಯಲ್ಲಿ ಕ್ಯಾಪ್ಟನ್‌ನ ಗುರಾಣಿ ಮತ್ತು ಥೋರ್‌ನ ಸುತ್ತಿಗೆಯನ್ನು ಒಟ್ಟಿಗೆ ಹಿಡಿದ ಸೂಪರ್‌ಮ್ಯಾನ್‌ನ ಚಿತ್ರವೇ ಹೆಚ್ಚು ಹೆಸರು ಮಾಡಿದ್ದು. ನೋಡಲು ಭವ್ಯವಾಗಿದೆ, ಆದರೆ ಅದು ಅಭಿಮಾನಿಗಳಿಗೆ ಬಡಿಸಿದ ಸಿಹಿ. ಇಡೀ ಬಳಗದ ಬಲವನ್ನು ಮತ್ತೆ ಒಬ್ಬನ ತೋಳಿಗೆ ಇಳಿಸಿಬಿಡುತ್ತದೆ. ಕೃತಿಯ ವಾದಕ್ಕೆ ನಿಷ್ಠವಾಗಿರುವುದು ಅದರ ನಂತರದ ಘಟನೆ. ಎರಡೂ ಜಗತ್ತುಗಳಿಗೆ ಕುತ್ತಾಗಿರುವ ಕ್ರೋನಾನ ಯಂತ್ರವನ್ನು ಒಡೆಯುವುದು ಯಾವ ದೈವಬಲವೂ ಇಲ್ಲದ ಹಾಕೈ ಬಿಟ್ಟ ಬಾಣ. ಅದಕ್ಕೂ ಮೊದಲು ಹಾಕೈ ಬದುಕುಳಿದದ್ದೇ ಫ್ಲ್ಯಾಶ್‌ನಿಂದ. ಒಂದು ಪಡೆಯ ಓಟಗಾರ, ಇನ್ನೊಂದು ಪಡೆಯ ಬಿಲ್ಲುಗಾರ, ಇಬ್ಬರೂ ಸೇರದಿದ್ದರೆ ಆ ಬಾಣವೇ ಇಲ್ಲ. ಎರಡನೆಯ ಸಂಚಿಕೆಯ ಬಹುಪಾಲನ್ನು ಈ ಪುಸ್ತಕದಿಂದ ಕಳೆದರೂ ನಷ್ಟವಿಲ್ಲ. ಆದರೆ ಮೊದಲನೆಯದರ ಪರಸ್ಪರ ಗುಮಾನಿ, ಮೂರನೆಯದರ ಒಪ್ಪಿಗೆ, ನಾಲ್ಕನೆಯದರ ಬಾಣ ಇವಿಷ್ಟು ಸಾಕು, ಇದನ್ನು ಇಂಥ ಜಂಟಿ ಕಥೆಗಳ, ಅಂದರೆ ಕ್ರಾಸ್‌ಓವರ್‌ಗಳ, ಮುಂಚೂಣಿಯಲ್ಲಿ ನಿಲ್ಲಿಸಲು. ಮುಂದೆ ಇಂಥ ಪುಸ್ತಕ ಕೈಗೆ ಬಂದಾಗ ಎಷ್ಟು ವೀರರಿದ್ದಾರೆಂದು ಎಣಿಸುವುದಕ್ಕಿಂತ, ಅವರಲ್ಲಿ ಅರ್ಧ ಜನರನ್ನು ತೆಗೆದುಹಾಕಿದರೆ ಕಥೆ ಕುಸಿಯುತ್ತದೆಯೇ ಎಂದು ಪರೀಕ್ಷಿಸುವುದು ಲೇಸು.