ಸ್ಟ್ಯಾಂಡರ್ಡ್ ಉದಾರಿ, ಟೂಲ್‌ಬಾರ್ ಜಿಪುಣ

ಶುಕ್ರವಾರ ಸಿನಿಮಾ ಬಂದ್ರೆ ಶನಿವಾರ ಬೆಳಗಾಗೋದ್ರೊಳಗೆ ನೂರು ವಿಮರ್ಶೆ ಬಂದಿರುತ್ತೆ. ಹೊಸ ಫೋನ್ ಬಂದ್ರೆ ಡಬ್ಬಿ ಬಿಚ್ಚೋದನ್ನೂ ವಿಡಿಯೋ ಮಾಡಿ ಹಾಕ್ತಾರೆ. ಆದ್ರೆ ನಮ್ಮಪ್ಪನ ಎದೆ, ನಿಮ್ಮಮ್ಮನ ಮಂಡಿ, ಪಕ್ಕದ ಮನೆಯವರ ಮಿದುಳನ್ನ ಡಾಕ್ಟರ್ ಕಣ್ಣಿಗೆ ಕಾಣಿಸೋ ಸಾಫ್ಟ್‌ವೇರ್ ಇದೆಯಲ್ಲ, ಅದು ಚೆನ್ನಾಗಿದೆಯೋ ಇಲ್ಲವೋ ಅಂತ ಕನ್ನಡದಲ್ಲಿ ಬರೆದದ್ದನ್ನ ನಾನಂತೂ ಓದಿಲ್ಲ. ಅದಕ್ಕೇ ಈ ಬರಹ. ಅದರಲ್ಲೂ ಯಾರೂ ಗಮನಿಸದ ಎರಡು ಮೂಲೆಗಳ ಬಗ್ಗೆ: ಟೂಲ್‌ಬಾರ್ ಮತ್ತು ಫೈಲ್ ಸೆಟ್ಟಿಂಗ್ಸ್.

ನಾನು ಬೀದರ ತಾಲ್ಲೂಕಿನ ಮನ್ನಳ್ಳಿಯವನು. ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯೋನೇ ಆದ್ರೂ ನನ್ನ ಕೋಡಿಗೂ ಆಸ್ಪತ್ರೆಗೂ ಸಂಬಂಧ ಇಲ್ಲ. ಆದ್ರೆ ಊರಲ್ಲಿ ಒಬ್ಬ ಬಿ.ಇ. ಮಾಡಿದಾನೆ ಅಂದ್ರೆ ಕರೆಂಟಿನಿಂದ ನಡೆಯೋ ಎಲ್ಲ ವಸ್ತುವಿಗೂ ಅವನೇ ಡಾಕ್ಟರ್. ನಮ್ಮ ಕಡೆ ಕಾಯಿಲೆ ಜೋರಾದ್ರೆ ಮೊದಲು ಬೀದರ ದವಾಖಾನಿ, ಅಲ್ಲಿ ಆಗ್ಲಿಲ್ಲ ಅಂದ್ರೆ ಕಲಬುರಗಿ, ಸೊಲ್ಲಾಪುರ ಅಥವಾ ಹೈದರಾಬಾದ್. ರಾಜಧಾನಿ ಬೆಂಗಳೂರು ಸುಮಾರು 700 ಕಿಲೋಮೀಟರ್ ದೂರ, ಹೈದರಾಬಾದ್ ಸುಮಾರು 140. ಮೊದಲೆಲ್ಲ ಕಂಕುಳಲ್ಲಿ ದೊಡ್ಡ ಕವರ್ ಇಟ್ಕೊಂಡು ಹೋಗ್ತಿದ್ರು, ಒಳಗೆ ಫಿಲ್ಮು. ಈಗ ಆ ಕವರಿನ ಜೊತೆ ಒಂದು ಸಿಡಿ. ಆ ಸಿಡಿ ತೆರೀದೇ ಇದ್ದಾಗ ನನಗೆ ಫೋನು: "ಅಣ್ಣಾ, ಸಿಡಿ ಹಾಕಿದ್ರ ಏನೂ ಬರವಲ್ದು. ನೀ ಒಂದ್ಸಲ ನೋಡಲಾ." ಹೀಗೆ ನೋಡ್ತಾ ನೋಡ್ತಾ ರೇಡಿಯಾಂಟ್, ಹೋರೋಸ್, ವೀಸಿಸ್, ತ್ರೀಡಿ ಸ್ಲೈಸರ್, ಇಮೇಜ್‌ಜೆ ಎಲ್ಲ ನನ್ನ ಲ್ಯಾಪ್‌ಟಾಪಿಗೆ ಬಂದು ಕೂತವು. ರೋಗ ಏನು ಅಂತ ಹೇಳೋದು ನನ್ನ ಕೆಲಸ ಅಲ್ಲ, ಹೇಳೋದೂ ಇಲ್ಲ. ಆದ್ರೆ ಸಾಫ್ಟ್‌ವೇರಿಗೆ ಏನು ರೋಗ ಅಂತ ಹೇಳಬಲ್ಲೆ.

ಮೊದಲು ಸ್ವಲ್ಪ ಹಿನ್ನೆಲೆ. ಒಂದು ಕಂಪನಿಯ ಸ್ಕ್ಯಾನರ್ ತೆಗೆದ ಚಿತ್ರ ಇನ್ನೊಂದು ಕಂಪನಿಯ ಪರದೆ ಮೇಲೆ ತೆರೀಬೇಕು ಅನ್ನೋದಕ್ಕೆ ಅಮೆರಿಕದ ರೇಡಿಯಾಲಜಿಸ್ಟರ ಸಂಘವೂ ಯಂತ್ರ ತಯಾರಕರ ಸಂಘವೂ ಸೇರಿ 1985ರಲ್ಲಿ ಒಂದು ಸ್ಟ್ಯಾಂಡರ್ಡ್ ತಂದರು. 1993ರಲ್ಲಿ ಅದಕ್ಕೆ ಡೈಕಾಮ್ ಅನ್ನೋ ಹೆಸರು ಬಂತು. ಇವತ್ತು ಎಂಆರ್‌ಐ ಇರಲಿ, ಸಿಟಿ ಇರಲಿ, ಡಿಜಿಟಲ್ ಎಕ್ಸ್‌ರೇ ಇರಲಿ, ಎಲ್ಲರ ಒಳಗಿನ ಭಾಷೆ ಅದೇ. ನನ್ನ ತಕರಾರು ಡೈಕಾಮ್ ಮೇಲೆ ಅಲ್ಲ, ಅದನ್ನ ಸಾಫ್ಟ್‌ವೇರ್‌ಗಳು ಬಳಸೋ ರೀತಿಯ ಮೇಲೆ.

ಟೂಲ್‌ಬಾರಿನಿಂದ ಶುರು ಮಾಡೋಣ. ಯಾವ ವ್ಯೂವರ್ ತೆರೆದ್ರೂ ಮೇಲೆ ಐಕಾನುಗಳ ಮೆರವಣಿಗೆ. ಅರ್ಧ ಕಪ್ಪು ಅರ್ಧ ಬಿಳಿ ವೃತ್ತ ಅಂದ್ರೆ ಕಾಂಟ್ರಾಸ್ಟ್. ಆದ್ರೆ ಫೋನಿನಲ್ಲಿ ಬೆಳೆದ ಕಣ್ಣಿಗೆ ಅದು ಡಾರ್ಕ್ ಮೋಡ್. ಭೂತಗನ್ನಡಿ ಅಂದ್ರೆ ಇಲ್ಲಿ ಹಿಗ್ಗಿಸೋದು. ನಮಗೆಲ್ಲ ಅದು ಹುಡುಕೋದು. ಆಮೇಲೆ ಕೈ, ಅಳತೆಪಟ್ಟಿ, ಕೋನ, ದೀರ್ಘವೃತ್ತ, ಮೂರು ಆಯಾಮದ ಡಬ್ಬಿ. ದಿನಕ್ಕೆ ನೂರು ಸಲ ಬೇಕಾಗೋ ಬಟನ್ನೂ ವರ್ಷಕ್ಕೆ ಒಂದು ಸಲ ಬೇಕಾಗೋ ಬಟನ್ನೂ ಒಂದೇ ಗಾತ್ರ, ಒಂದೇ ಸಾಲು. ಇದು ಸರಿ ಇಲ್ಲವಲ್ಲ ಅಂತ ಕೇಳಿದ್ರೆ ರೆಡಿಮೇಡ್ ಉತ್ತರ ಇದೆ: "ಕಸ್ಟಮೈಸ್ ಮಾಡ್ಕೊಳ್ಳಿ."

ಮಾಡ್ಕೋಬಹುದು, ನಿಜ. ಮ್ಯಾಕ್‌ನ ಓಸಿರಿಕ್ಸ್ ಮತ್ತು 2015ರಲ್ಲಿ ಅದರಿಂದ ಕವಲೊಡೆದ ಹೋರೋಸ್‌ನಲ್ಲಿ ಬೇಕಾದ ಬಟನ್ನನ್ನ ಎಳೆದು ತಂದು ಕೂರಿಸಬಹುದು, ಬೇಡದ್ದನ್ನ ಕಿತ್ತು ಹಾಕಬಹುದು. ಸ್ಲೈಸರ್‌ನಲ್ಲಿ ನಿಮ್ಮ ಮೆಚ್ಚಿನ ಮಾಡ್ಯೂಲುಗಳನ್ನ ಟೂಲ್‌ಬಾರಿಗೆ ಏರಿಸಬಹುದು. ಆದ್ರೆ ಈ ಆಯ್ಕೆಗಳೆಲ್ಲ ಉಳಿಯೋದು ಎಲ್ಲಿ? ಆ ಕಂಪ್ಯೂಟರಿಗೆ ಲಾಗಿನ್ ಆದ ಬಳಕೆದಾರನ ಖಾತೆಯೊಳಗಿನ ಒಂದು ಫೈಲಿನಲ್ಲಿ. ಅಂದ್ರೆ ಸಾಫ್ಟ್‌ವೇರ್ ಬರೆದವರ ತಲೆಯಲ್ಲಿ ಒಬ್ಬ ಡಾಕ್ಟರ್ ಇದ್ದಾರೆ. ಅವರಿಗೆ ಸ್ವಂತ ಕೋಣೆ, ಸ್ವಂತ ಕಂಪ್ಯೂಟರ್, ಸ್ವಂತ ಲಾಗಿನ್. ಬೆಳಗಿನ ಪಾಳಿ, ರಾತ್ರಿ ಪಾಳಿ, ಟೆಕ್ನೀಶಿಯನ್, ಹೌಸ್ ಸರ್ಜನ್ ಎಲ್ಲರೂ ಒಂದೇ ಲಾಗಿನ್‌ನಲ್ಲಿ ಕೂರೋ, ಪಾಸ್‌ವರ್ಡನ್ನ ಮಾನಿಟರಿನ ಅಂಚಿಗೆ ಅಂಟಿಸಿರೋ ಕಂಪ್ಯೂಟರ್ ಅವರ ಕಲ್ಪನೆಯಲ್ಲೇ ಇಲ್ಲ. ಅಲ್ಲಿ ಒಬ್ಬರು ಜೋಡಿಸಿದ ಟೂಲ್‌ಬಾರ್ ಮುಂದಿನವರಿಗೆ ಅಡ್ಡಿ. ಹಂಗಾಗಿ ಕೊನೆಗೆ ಯಾರೂ ಏನೂ ಮುಟ್ಟಲ್ಲ. ಕಂಪನಿ ಕೊಟ್ಟ ಡೀಫಾಲ್ಟೇ ಗಟ್ಟಿ.

ಇದರಲ್ಲಿ ನನಗೆ ಮೆಚ್ಚುಗೆ ಆಗೋದು ಹಳೇ ಇಮೇಜ್‌ಜೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ವೇಯ್ನ್ ರಾಸ್‌ಬ್ಯಾಂಡ್ ಬರೆದದ್ದು. ನೋಡೋಕೆ ತೊಂಬತ್ತರ ದಶಕದ ಕ್ಯಾಲ್ಕುಲೇಟರ್ ತರ ಇದೆ. ಆದ್ರೆ ಅದಕ್ಕೆ ಹೊಸ ಟೂಲ್ ಸೇರಿಸೋಕೆ ಇರೋದು ಒಂದು ಸಾದಾ ಟೆಕ್ಸ್ಟ್ ಫೈಲು. ಅದನ್ನ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹೋಗಿ ಇನ್ನೊಂದು ಕಂಪ್ಯೂಟರಿನಲ್ಲಿ ಇಟ್ರೆ ನಿಮ್ಮ ಟೂಲುಗಳು ಅಲ್ಲಿಗೂ ಬರ್ತವೆ. ಅದು ಸಂಶೋಧಕರಿಗೆ ಮಾಡಿದ್ದು, ಆಸ್ಪತ್ರೆಗಲ್ಲ. ಆದ್ರೂ ಸೆಟ್ಟಿಂಗ್ ಅನ್ನೋದು ಯಂತ್ರದ್ದಲ್ಲ, ಮನುಷ್ಯನದ್ದು ಅನ್ನೋದು ಅದಕ್ಕೆ ಗೊತ್ತು.

ಬಟನ್ ಎಲ್ಲಿದೆ ಅನ್ನೋದು ಸಣ್ಣ ಕಿರಿಕಿರಿ ಅಂತ ಬಿಟ್ಟುಬಿಡೋಣ. ಆ ಅರ್ಧ ಕಪ್ಪು ವೃತ್ತದ ಹಿಂದೆ ಇರೋದು ಸಣ್ಣ ವಿಷಯ ಅಲ್ಲ.

ಸಿಟಿ ಚಿತ್ರದ ಪ್ರತಿ ಚುಕ್ಕಿಗೂ ಒಂದು ಸಂಖ್ಯೆ ಇದೆ. ನೀರು 0, ಗಾಳಿ ಮೈನಸ್ 1000, ಗಟ್ಟಿ ಎಲುಬು 1000ರ ಆಸುಪಾಸು. ಸಿಟಿಗಾಗಿ 1979ರಲ್ಲಿ ನೊಬೆಲ್ ಹಂಚಿಕೊಂಡ ಹೌನ್ಸ್‌ಫೀಲ್ಡ್ ಹೆಸರಿನ ಅಳತೆ ಅದು. ಸಾಮಾನ್ಯವಾಗಿ ಫೈಲಿನಲ್ಲಿ 4096 ಹಂತ ಇರ್ತವೆ, ಮಾಮೂಲಿ ಪರದೆ ತೋರಿಸೋದು 256 ಬೂದು ಛಾಯೆ. ಹಾಗಾಗಿ ಒಂದು ತುಣುಕನ್ನ ಆರಿಸಿ ತೋರಿಸಬೇಕು. ಅದಕ್ಕೆ ವಿಂಡೋ ಅಂತಾರೆ. ಹೊಟ್ಟೆಯ ಮೆತ್ತನೆ ಅಂಗಗಳಿಗೆ ಸಾಮಾನ್ಯವಾಗಿ ಬಳಸೋದು ಸೆಂಟರ್ 40, ಅಗಲ 400. ಲೆಕ್ಕ ಹಾಕಿ: ಮೈನಸ್ 160ರಿಂದ 240ರವರೆಗೆ ಮಾತ್ರ ಕಾಣುತ್ತೆ. ಅದರ ಕೆಳಗಿನದ್ದೆಲ್ಲ ಅಪ್ಪಟ ಕಪ್ಪು. ಗಾಳಿ ತುಂಬಿದ ಶ್ವಾಸಕೋಶ ಇರೋದು ಮೈನಸ್ 700, 800ರ ಹತ್ತಿರ. ಅದರೊಳಗೆ ಸೋಂಕಿನ ಮಬ್ಬು ಇದ್ರೂ ಅದೂ ಹೆಚ್ಚಾಗಿ ಮೈನಸ್ 160ಕ್ಕಿಂತ ಕೆಳಗೇ. ಈ ಕಿಟಕಿಯಲ್ಲಿ ನೋಡಿದ್ರೆ ಅದೇನೂ ಕಾಣಲ್ಲ. ಶ್ವಾಸಕೋಶಕ್ಕೆ ಸೆಂಟರ್ ಮೈನಸ್ 600, ಅಗಲ 1500 ತರದ ಬೇರೆ ಕಿಟಕಿ ಬೇಕು.

ವ್ಯೂವರ್ ಮುಂದೆ ಕೂತ ಡಾಕ್ಟರಿಗೆ ಇದು ತೊಂದರೆಯಲ್ಲ, ಮೌಸ್ ಎಳೆದ್ರೆ ಕಿಟಕಿ ಬದಲಾಗುತ್ತೆ. ತೊಂದರೆ ಇರೋದು 'ಎಕ್ಸ್‌ಪೋರ್ಟ್' ಬಟನ್ನಿನಲ್ಲಿ. ಆ ಹೊತ್ತಿಗೆ ಪರದೆ ಮೇಲೆ ಯಾವ ಕಿಟಕಿ ಇದೆಯೋ ಅದೇ ಜೆಪೆಗ್‌ಗೆ ಅಚ್ಚಾಗುತ್ತೆ. 4096 ಹಂತ ಹೋಗಿ 256 ಉಳಿಯುತ್ತೆ. ಕಪ್ಪಾದದ್ದು ಕಪ್ಪೇ, ಆಮೇಲೆ ಎಷ್ಟು ಬ್ರೈಟ್‌ನೆಸ್ ಏರಿಸಿದ್ರೂ ವಾಪಸ್ ಬರಲ್ಲ. 2020-21ರ ಕೋವಿಡ್ ದಿನಗಳನ್ನ ನೆನಪಿಸಿಕೊಳ್ಳಿ. ಪ್ರತಿ ಮನೆಯ ವಾಟ್ಸಾಪ್‌ನಲ್ಲೂ ಒಂದು ಎದೆಯ ಸಿಟಿ, ಜೊತೆಗೆ "25ಕ್ಕೆ ಎಷ್ಟು ಬಂತು?" ಅನ್ನೋ ಪ್ರಶ್ನೆ. ತಪ್ಪು ಕಿಟಕಿಯಲ್ಲಿ ಎಕ್ಸ್‌ಪೋರ್ಟ್ ಆದ ಚಿತ್ರದಲ್ಲಿ ಎಷ್ಟೇ ಕಣ್ಣರಳಿಸಿ ನೋಡಿದ್ರೂ ಶ್ವಾಸಕೋಶದಲ್ಲಿ ಕಾಣೋದು ಬರೀ ಕತ್ತಲೆ. ಬೀದರದಿಂದ ಬೆಂಗಳೂರಿನ ಪರಿಚಯದ ಡಾಕ್ಟರಿಗೆ ಹೋಗೋದು ಸಿಡಿ ಅಲ್ಲ, ಈ ಜೆಪೆಗ್ಗೇ. ಇಷ್ಟು ದೊಡ್ಡ ಕಳೆತ ಆಗುವಾಗ "ಎದೆಯ ಸ್ಕ್ಯಾನ್ ಇದು, ಹೊಟ್ಟೆಯ ಕಿಟಕಿಯಲ್ಲಿ ಕಳಿಸ್ತಾ ಇದ್ದೀರಿ, ಎರಡೂ ಕಳಿಸಲಾ?" ಅಂತ ಒಂದು ಸಾಲು ಕೇಳಬೇಕಲ್ವಾ? ನಾನು ಬಳಸಿದ ಯಾವುದೂ ಕೇಳಲಿಲ್ಲ.

ಸ್ಟ್ಯಾಂಡರ್ಡಿನಲ್ಲಿ ಇದಕ್ಕೆ ದಾರಿ ಇದೆ. ಡೈಕಾಮ್‌ನಲ್ಲಿ 'ಪ್ರೆಸೆಂಟೇಷನ್ ಸ್ಟೇಟ್' ಅಂತ ಒಂದು ಪುಟ್ಟ ವಸ್ತು ಉಂಟು. ಚಿತ್ರವನ್ನ ಮುಟ್ಟದೆ, ಯಾವ ಕಿಟಕಿಯಲ್ಲಿ ನೋಡಿದ್ರು, ಎಲ್ಲಿ ಬಾಣದ ಗುರುತು ಹಾಕಿದ್ರು ಅನ್ನೋದನ್ನ ಪಕ್ಕದಲ್ಲಿ ಬರೆದಿಡೋದು. 'ಹ್ಯಾಂಗಿಂಗ್ ಪ್ರೊಟೋಕಾಲ್' ಅಂತ ಇನ್ನೊಂದು, ಯಾವ ಚಿತ್ರ ಎಡಕ್ಕೆ, ಯಾವುದು ಬಲಕ್ಕೆ ಅನ್ನೋ ಕ್ರಮ. ಬೆಳಕಿನ ಪೆಟ್ಟಿಗೆಗೆ ಫಿಲ್ಮ್ ನೇತುಹಾಕ್ತಿದ್ದ ಕಾಲದ ಹೆಸರು ಅದು. ಅಂದ್ರೆ ಒಬ್ಬ ತಜ್ಞರ ನೋಟವನ್ನೇ ಫೈಲಿನ ಜೊತೆ ಕಟ್ಟಿ ಕಳಿಸಬಹುದು. ನನಗೆ ಬಂದ ಸಿಡಿಗಳಲ್ಲಿ ಅದು ಇದ್ದದ್ದನ್ನ ನಾನು ನೋಡಿಲ್ಲ.

ಇನ್ನು ಸಿಡಿ ಯಾಕೆ ತೆರೆಯಲ್ಲ ಅನ್ನೋದು. ಡೈಕಾಮ್ ಸಿಡಿಯಲ್ಲಿ ಫೈಲಿನ ಹೆಸರು 8 ಅಕ್ಷರ ಮೀರಂಗಿಲ್ಲ, ಹಿಂದೆ ಎಕ್ಸ್‌ಟೆನ್ಷನ್ ಕೂಡ ಇರಲ್ಲ. ಹಳೇ ಕಂಪ್ಯೂಟರುಗಳಿಗೂ ಓದೋಕೆ ಆಗಲಿ ಅಂತ ಮಾಡಿದ ನಿಯಮ. ಇವತ್ತಿನ ವಿಂಡೋಸ್‌ಗೆ ಎಕ್ಸ್‌ಟೆನ್ಷನ್ ಇಲ್ಲದ ಫೈಲ್ ಅಂದ್ರೆ ಅಡ್ರೆಸ್ ಇಲ್ಲದ ಪೋಸ್ಟ್ ಕಾರ್ಡ್. ಡಬಲ್ ಕ್ಲಿಕ್ ಮಾಡಿದ್ರೆ "ಯಾವುದರಲ್ಲಿ ತೆರೀಲಿ?" ಅಂತ ನಮ್ಮನ್ನೇ ಕೇಳುತ್ತೆ. ಜೊತೆಗೆ ಕೊಡೋ ವ್ಯೂವರ್ ನಡೆಯೋದು ಹೆಚ್ಚಾಗಿ ವಿಂಡೋಸ್ ಮೇಲೆ ಮಾತ್ರ. ಊರಲ್ಲಿ ಕೈಯಲ್ಲಿರೋದು ಫೋನು, ಅದಕ್ಕೆ ಸಿಡಿ ತೂತೇ ಇಲ್ಲ.

ಕೊನೆಯದಾಗಿ, ನನಗೆ ಹೆಚ್ಚು ಚುಚ್ಚೋ ವಿಷಯ: ಹೆಸರು. ಡೈಕಾಮ್‌ನಲ್ಲಿ ಹೆಸರು ಐದು ತುಂಡು. ಮೊದಲು ಮನೆತನದ ಹೆಸರು, ಆಮೇಲೆ ಕೊಟ್ಟ ಹೆಸರು, ಹೀಗೆ. ನಮ್ಮ ಕಡೆ ಅಪ್ಪನ ಹೆಸರು ಒಬ್ಬರು ಮುಂದೆ ಬರೆಸ್ತಾರೆ, ಒಬ್ಬರು ಹಿಂದೆ. ಅದರ ಮೇಲೆ ಇಂಗ್ಲಿಷ್ ಸ್ಪೆಲ್ಲಿಂಗ್. ಶರಣಪ್ಪ ಅನ್ನೋ ಒಂದು ಹೆಸರನ್ನ ಬೀದರದಲ್ಲಿ ಒಂದು ತರ, ಹೈದರಾಬಾದಿನಲ್ಲಿ ಇನ್ನೊಂದು ತರ ಟೈಪ್ ಮಾಡಿದ್ರೆ ಹುಡುಕಿದಾಗ ಹಳೇ ಸ್ಕ್ಯಾನ್ ಸಿಗಲ್ಲ. ಹುಟ್ಟಿದ ದಿನ ನೋಡಿ ಗುರುತಿಸೋಣ ಅಂದ್ರೆ ನಮ್ಮ ಮುತ್ಯಾಗಳಿಗೆಲ್ಲ ಹುಟ್ಟಿದಬ್ಬ ಜನವರಿ 1. ಫಾರಮ್ಮಿನಲ್ಲಿ ತಾರೀಖು ತುಂಬದಿದ್ರೆ ಮುಂದಕ್ಕೆ ಹೋಗಲ್ಲ, ಅದಕ್ಕೆ ಟೆಕ್ನೀಶಿಯನ್ ಏನೋ ಒಂದು ಹಾಕ್ತಾರೆ. ಅವರ ಹಿಂದೆ ಇಪ್ಪತ್ತು ಜನ ನಿಂತಿರ್ತಾರೆ.

ಇಲ್ಲೂ ಸ್ಟ್ಯಾಂಡರ್ಡ್ ಉದಾರಿಯೇ. ಹುಟ್ಟಿದ ದಿನದ ಜಾಗ ಇರಬೇಕು, ಆದ್ರೆ ಗೊತ್ತಿಲ್ಲದಿದ್ರೆ ಖಾಲಿ ಬಿಡಬಹುದು ಅನ್ನುತ್ತೆ ಡೈಕಾಮ್. ವಯಸ್ಸು ಬರೆಯೋಕೆ ಬೇರೆ ಜಾಗವೇ ಇದೆ. ಅಕ್ಷರಗಳ ವಿಷಯದಲ್ಲೂ ಅಷ್ಟೆ. ಸಿರಿಲಿಕ್, ಗ್ರೀಕ್, ಹೀಬ್ರೂ, ಥಾಯ್, ಜಪಾನಿ, ಕೊರಿಯನ್‌ಗೆ ಪ್ರತ್ಯೇಕ ಕೋಡ್ ಉಂಟು, ಭಾರತದ ಒಂದು ಲಿಪಿಗೂ ಇಲ್ಲ. ಅರೇಬಿಕ್‌ಗೆ ಇದೆ, ಆದ್ರೆ ಅದರಲ್ಲಿ ಉರ್ದುವಿನ ಪ, ಚ, ಗ, ಟ ಇಲ್ಲ. ಹಾಗಂತ ಬಾಗಿಲು ಮುಚ್ಚಿಲ್ಲ. ಯೂನಿಕೋಡ್‌ನ ಯುಟಿಎಫ್-8 ಅಂತ ಒಂದು ಸೆಟ್ಟಿಂಗ್ ಹಾಕಿದ್ರೆ ಕನ್ನಡ, ಮರಾಠಿ, ತೆಲುಗು, ಉರ್ದು, ಅಂದ್ರೆ ಬೀದರದ ಒಂದು ಸಂತೆಯಲ್ಲಿ ಕೇಳಿಸೋ ನಾಲ್ಕೂ ಭಾಷೆ, ಹೆಸರಿನ ಜಾಗದಲ್ಲಿ ಕೂರ್ತವೆ. ಇಂಗ್ಲಿಷಿನ ಹೆಸರೂ ಪಕ್ಕದಲ್ಲೇ ಇರಬಹುದು. ಆ ಸೆಟ್ಟಿಂಗ್ ಮೆನುವಿನ ನಾಲ್ಕನೇ ಪದರದಲ್ಲಿ ಎಲ್ಲೋ ಇರುತ್ತೆ. ಅದನ್ನ ಯಾರು ಮುಟ್ಟಬೇಕು? ಇಪ್ಪತ್ತು ಜನರ ಸಾಲಿನ ಮುಂದೆ ಕೂತ ಆ ಟೆಕ್ನೀಶಿಯನ್ನಾ?

ನನ್ನ ವಾದ ಇಷ್ಟೇ. ಪ್ರತಿ ಸಲವೂ ಸ್ಟ್ಯಾಂಡರ್ಡ್ ಬಾಗಿಲು ತೆರೆದಿಟ್ಟಿದೆ, ಡೀಫಾಲ್ಟ್ ಅದನ್ನ ಮುಚ್ಚಿದೆ, ಚಿಲಕ ತೆಗೆಯೋ ಕೆಲಸವನ್ನ 'ಕಸ್ಟಮೈಸ್' ಅನ್ನೋ ಹೆಸರಲ್ಲಿ ಎಲ್ಲರಿಗಿಂತ ಕಡಿಮೆ ಸಮಯ, ಕಡಿಮೆ ಅಧಿಕಾರ ಇರೋರ ಮೇಲೆ ಹೊರಿಸಲಾಗಿದೆ. ಸ್ವಾತಂತ್ರ್ಯ ಕೊಟ್ಟಿದ್ದೀವಿ ಅಂತ ಕಂಪನಿ ಹೇಳಬಹುದು. ಬಳಸೋಕೆ ಆಗದ ಸ್ವಾತಂತ್ರ್ಯ ಕೊಟ್ಟು ಹೊಣೆ ಜಾರಿಸಿಕೊಂಡಿದ್ದಾರೆ ಅಂತ ನಾನು ಹೇಳ್ತೀನಿ.

ಇನ್ನೊಂದು ವಾದವೂ ಇದೆ: ವೈದ್ಯಕೀಯ ಸಾಫ್ಟ್‌ವೇರಿಗೆ ಪರೀಕ್ಷೆ, ಪ್ರಮಾಣಪತ್ರ ಎಲ್ಲ ಬೇಕು, ಒಂದು ಡೀಫಾಲ್ಟ್ ಬದಲಿಸೋದೂ ಸುಲಭ ಅಲ್ಲ. ಒಪ್ಪಿದೆ. ಆದ್ರೆ ಇಲ್ಲಿ ಕೇಳ್ತಿರೋದು ಹೊಸ ಆವಿಷ್ಕಾರ ಅಲ್ಲ, ಸ್ಟ್ಯಾಂಡರ್ಡಿನಲ್ಲಿ ಆಗಲೇ ಬರೆದದ್ದು.

ಇದನ್ನ ಕನ್ನಡದಲ್ಲಿ ಯಾಕೆ ಬರೀತಿದೀನಿ ಅಂದ್ರೆ, ಕೇಳಿಸಿಕೊಳ್ಳಬೇಕಾದವರು ಪೋಲೆಂಡಿನಲ್ಲೋ ಬಾಸ್ಟನ್ನಿನಲ್ಲೋ ಮಾತ್ರ ಇಲ್ಲ. ಫಿಲಿಪ್ಸ್, ಜಿಇ, ಸೀಮೆನ್ಸ್ ಮೂರಕ್ಕೂ ಬೆಂಗಳೂರಿನಲ್ಲಿ ದೊಡ್ಡ ಇಂಜಿನಿಯರಿಂಗ್ ಕೇಂದ್ರಗಳಿವೆ. ಅಮೆರಿಕದ ರಾತ್ರಿಯ ಸ್ಕ್ಯಾನುಗಳನ್ನ ಬೆಂಗಳೂರಿನ ಹಗಲಲ್ಲಿ ಓದೋ ಕೆಲಸ 2002ರಿಂದಲೇ ಇಲ್ಲಿ ನಡೀತಾ ಇದೆ. ಇದನ್ನ ಓದ್ತಿರೋ ನಿಮ್ಮಲ್ಲೇ ಒಬ್ಬರು ಸೋಮವಾರದ ಮೀಟಿಂಗಿನಲ್ಲಿ ಅಂಥದ್ದೊಂದು ಫಾರಮ್ಮಿನ ಬಗ್ಗೆ ಮಾತಾಡೋರಿರಬಹುದು. ಹಾಗಿದ್ರೆ ಮೂರು ಪ್ರಶ್ನೆ ಕೇಳಿ ಸಾಕು. ಹುಟ್ಟಿದ ದಿನ ಗೊತ್ತಿಲ್ಲದವರು ಮುಂದಕ್ಕೆ ಹೋಗಬಹುದಾ? ಹೆಸರು ಅವರ ಅಕ್ಷರದಲ್ಲಿ ಬರೆಯೋಕೆ ಮೊದಲ ದಿನದಿಂದಲೇ ಆಗುತ್ತಾ? ಜೆಪೆಗ್ ಕಳಿಸುವಾಗ ಏನು ಕಳೆದುಹೋಗ್ತಿದೆ ಅಂತ ಹೇಳ್ತೀವಾ? ಮೂರಕ್ಕೂ ಹೌದು ಅನ್ನಿಸೋವರೆಗೂ ಹೊಸ ಐಕಾನಿನ ಬಣ್ಣ ಯಾವುದಿರಬೇಕು ಅನ್ನೋ ಚರ್ಚೆ ಮುಂದಕ್ಕೆ ಹಾಕಿ.